ಆಮೆಯ ಬೆನ್ನಿನ ಮೇಲೆ 41 ಕಾದಂಬರಿಗಳು: ಟೆರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಓದಲು ತೊಡಗುವ ಬಗೆ

ಹಾಸನದಿಂದ ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಕೆಲಸದ ನಿಮಿತ್ತ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ ವರ್ಷಗಳಲ್ಲಿ, ಕಿಟಕಿಯ ಪಕ್ಕದ ಸೀಟು ಸಿಕ್ಕ ದಿನಗಳನ್ನೆಲ್ಲ ನಾನು ಒಬ್ಬನೇ ಲೇಖಕನಿಗೆ ಕೊಟ್ಟೆ. ಇಂಗ್ಲೆಂಡಿನ ಟೆರಿ ಪ್ರ್ಯಾಚೆಟ್ 1983ರಿಂದ 2015ರವರೆಗೆ ‘ಡಿಸ್ಕ್‌ವರ್ಲ್ಡ್’ ಎಂಬ ಒಂದೇ ಕಲ್ಪಿತ ಲೋಕದ ಮೇಲೆ 41 ಕಾದಂಬರಿಗಳನ್ನು ಬರೆದರು. ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದ ನನ್ನನ್ನು ಕಂಡು ಕುತೂಹಲಗೊಂಡವರಲ್ಲಿ ಹಲವರು ಪುಸ್ತಕವನ್ನು ಕೈಗೆತ್ತಿಕೊಂಡು, ಒಳಪುಟದಲ್ಲಿದ್ದ ಉದ್ದನೆಯ ಪಟ್ಟಿಯನ್ನು ನೋಡಿ, ‘ಇದರಲ್ಲಿ ಮೊದಲು ಯಾವುದನ್ನು ಓದಬೇಕು?’ ಎಂದು ಕೇಳಿದ್ದಾರೆ. ಮೊದಲು ಬರೆದದ್ದನ್ನು ಮೊದಲು ಓದಬೇಕು ಎಂಬ ಉತ್ತರ ಎಲ್ಲರಿಗೂ ಸಹಜವಾಗಿ ತೋರುತ್ತದೆ. ಆ ದಾರಿಯಲ್ಲಿ ಹೋಗಿ ಎಡವಿದವನು ನಾನಾದ್ದರಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ನಾನು ಕೊಂಡ ಮೊದಲ ಪುಸ್ತಕ ಸರಣಿಯ ಮೊದಲ ಕಾದಂಬರಿಯಾದ ‘ದ ಕಲರ್ ಆಫ್ ಮ್ಯಾಜಿಕ್’. ಅದು ಹಿಂದಿನ ತಲೆಮಾರಿನ ಕತ್ತಿ-ಮಂತ್ರಗಳ ಇಂಗ್ಲಿಷ್ ಕಥೆಗಳನ್ನು ಅಣಕಿಸುವ ಪುಸ್ತಕ. ಅಣಕಕ್ಕೆ ಗುರಿಯಾದ ಕಥೆಗಳನ್ನು ನಾನು ಓದಿರಲಿಲ್ಲ. ಯಾರನ್ನೋ ಅಣಕಿಸುತ್ತಿದ್ದಾರೆಂಬುದು ತಿಳಿಯುತ್ತಿತ್ತೇ ಹೊರತು ಯಾರನ್ನೆಂಬುದು ತಿಳಿಯುತ್ತಿರಲಿಲ್ಲ. ಎಪ್ಪತ್ತು ಪುಟಗಳ ನಂತರ ಅಟ್ಟ ಸೇರಿದ ಪುಸ್ತಕ ಎರಡು ಮಳೆಗಾಲ ಕಳೆದು ಬೂಷ್ಟು ಹಿಡಿದು ಕೆಳಗಿಳಿಯಿತು. ಅಷ್ಟರಲ್ಲಿ ಸ್ನೇಹಿತರೊಬ್ಬರು ಸರಣಿಯ ಎಂಟನೆಯ ಪುಸ್ತಕವನ್ನು ಕೈಗಿಟ್ಟಿದ್ದರಿಂದ ನಾನು ಉಳಿದುಕೊಂಡೆ.

ಮೊದಲ ಹೆಜ್ಜೆ: ಲೋಕದ ಪರಿಚಯ ಮಾಡಿಕೊಳ್ಳಿ, ಆದರೆ ಹತ್ತು ನಿಮಿಷ ಸಾಕು

ಡಿಸ್ಕ್‌ವರ್ಲ್ಡ್ ಎಂಬುದು ತಟ್ಟೆಯಂತೆ ಚಪ್ಪಟೆಯಾದ ಲೋಕ. ಅದನ್ನು ನಾಲ್ಕು ಆನೆಗಳು ಹೊತ್ತಿವೆ; ಆ ಆನೆಗಳು ಆಕಾಶದಲ್ಲಿ ಈಜುತ್ತಿರುವ ‘ಗ್ರೇಟ್ ಅಟೂಯಿನ್’ ಎಂಬ ಮಹಾ ಆಮೆಯ ಬೆನ್ನಿನ ಮೇಲೆ ನಿಂತಿವೆ. ಕೂರ್ಮಾವತಾರವನ್ನೂ ಅಷ್ಟದಿಗ್ಗಜಗಳನ್ನೂ ಅಜ್ಜಿಯ ಬಾಯಿಂದ ಕೇಳಿ ಬೆಳೆದ ನಮಗೆ ಇದರಲ್ಲಿ ಬೆರಗುಪಡುವಂಥದ್ದು ಏನೂ ಇಲ್ಲ. ದಿಕ್ಕಿಗೊಂದು ಆನೆಯ ಲೆಕ್ಕದಲ್ಲಿ ನಾಲ್ಕು ಕಡಿಮೆ ಬಿದ್ದಿವೆ, ಅಷ್ಟೇ.

ಪುಸ್ತಕಗಳ ಒಳಸಂಬಂಧವನ್ನು ವಿವರಿಸಲು ನಾನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ತೋರಿಸುತ್ತೇನೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆಗಳು, ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳು. ಒಂದೊಂದು ಪಟ್ಟಿಕೆಯೂ ಗೋಡೆಯ ಉದ್ದಕ್ಕೂ ತನ್ನ ಪಾಡಿಗೆ ತಾನು ಸಾಗುತ್ತದೆ. ಆದರೆ ಎಲ್ಲವೂ ಅದೇ ಗೋಡೆಯ ಮೂಲೆಗಳಲ್ಲಿಯೇ ತಿರುಗುತ್ತವೆ. ಪ್ರ್ಯಾಚೆಟ್ ಅವರ ಪುಸ್ತಕಗಳೂ ಹೀಗೆಯೇ ಕೆಲವು ಎಳೆಗಳಾಗಿ ಸಾಗುತ್ತವೆ: ನಗರದ ಕಾವಲುಪಡೆಯ ಎಂಟು ಕಾದಂಬರಿಗಳು, ಹಳ್ಳಿಯ ಮಾಟಗಾತಿಯರ ಆರು, ಟಿಫನಿ ಏಕಿಂಗ್ ಎಂಬ ಹುಡುಗಿಯ ಐದು, ಮೃತ್ಯುವಿನ ಐದು, ಹೇಡಿ ಮಾಂತ್ರಿಕ ರಿನ್ಸ್‌ವಿಂಡ್ ಮತ್ತು ಅವನ ವಿಶ್ವವಿದ್ಯಾಲಯದ ಎಂಟು, ವಂಚಕನೊಬ್ಬ ಸರ್ಕಾರಿ ಅಧಿಕಾರಿಯಾಗುವ ಮೂರು, ಮತ್ತು ಯಾವ ಎಳೆಗೂ ಸೇರದೆ ಬಿಡಿಯಾಗಿ ನಿಲ್ಲುವ ಆರು. ಒಂದು ಎಳೆಯ ನಾಯಕ ಇನ್ನೊಂದು ಎಳೆಯ ಬೀದಿಯಲ್ಲಿ ಸುಮ್ಮನೆ ಹಾದುಹೋಗುತ್ತಾನೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಕಂಡ ‘ಕಿವಿ’ ಎಂಬ ನಾಯಿಯನ್ನು ‘ಪರಿಸರದ ಕತೆ’ಯಲ್ಲಿ ಮತ್ತೆ ಕಂಡಾಗ ಹಿಗ್ಗಿದ ಮೂಡಿಗೆರೆ ಕಡೆಯ ಓದುಗರಿಗೆ ಈ ಸಂತೋಷ ಹೊಸದಲ್ಲ.

ಇದಕ್ಕಿಂತ ಹೆಚ್ಚಿನ ಪೂರ್ವಸಿದ್ಧತೆ ಬೇಡ. ನಕ್ಷೆ, ವಂಶವೃಕ್ಷ, ಪಾತ್ರಗಳ ಪಟ್ಟಿ ಇವುಗಳಲ್ಲಿ ಮುಳುಗಿದವರು ಕಾದಂಬರಿಗೆ ಬರುವಷ್ಟರಲ್ಲಿ ದಣಿದಿರುತ್ತಾರೆ.

ಎರಡನೆಯ ಹೆಜ್ಜೆ: ನಿಮ್ಮ ಅಭಿರುಚಿಗೆ ತಕ್ಕ ಬಾಗಿಲನ್ನು ಆರಿಸಿ

ಎಲ್ಲರಿಗೂ ಒಂದೇ ಬಾಗಿಲನ್ನು ತೋರಿಸುವವರನ್ನು ನಂಬಬೇಡಿ. ನಾನು ಕೇಳುವ ಪ್ರಶ್ನೆ ಇಷ್ಟೇ: ನೀವು ಕನ್ನಡದಲ್ಲಿ ಯಾವ ಬಗೆಯದನ್ನು ಇಷ್ಟಪಟ್ಟು ಓದುತ್ತೀರಿ?

ಪತ್ತೇದಾರಿಯನ್ನೂ ರಾಜಕೀಯ ವಿಡಂಬನೆಯನ್ನೂ ಇಷ್ಟಪಡುವವರು 1989ರ ‘ಗಾರ್ಡ್ಸ್! ಗಾರ್ಡ್ಸ್!’ನಿಂದ ತೊಡಗಬೇಕು. ನನ್ನನ್ನು ಉಳಿಸಿದ ಎಂಟನೆಯ ಪುಸ್ತಕ ಇದೇ. ಆಂಖ್-ಮೊರ್ಪೋರ್ಕ್ ಎಂಬ ಕೊಳಕು ಮಹಾನಗರದಲ್ಲಿ ಕಳ್ಳರಿಗೊಂದು ಅಧಿಕೃತ ಸಂಘವಿದೆ. ಅವರು ವರ್ಷದ ಮಿತಿಗೆ ಒಳಪಟ್ಟು, ರಸೀದಿ ಕೊಟ್ಟು ಕದಿಯುತ್ತಾರೆ. ಹೀಗಿರುವಾಗ ರಾತ್ರಿ ಕಾವಲಿನವರಿಗೆ ಮಾಡಲು ಕೆಲಸವೇ ಇಲ್ಲ. ಅವರ ಕ್ಯಾಪ್ಟನ್ ಸ್ಯಾಮ್ ವೈಮ್ಸ್ ಕುಡಿದು ಚರಂಡಿಯಲ್ಲಿ ಬಿದ್ದಿರುವಲ್ಲಿ ನಾವು ಅವನನ್ನು ಮೊದಲು ಕಾಣುತ್ತೇವೆ. ಕುಳ್ಳರ ಗಣಿಯಲ್ಲಿ ಸಾಕುಮಗನಾಗಿ ಬೆಳೆದ ಆರಡಿ ಎತ್ತರದ ಕ್ಯಾರಟ್ ಎಂಬ ಹುಡುಗ ಕಾನೂನಿನ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಈ ಪಡೆಗೆ ಸೇರಲು ಬರುತ್ತಾನೆ. ಅದೇ ಹೊತ್ತಿಗೆ ಒಂದು ಗುಪ್ತ ಕೂಟ ಅಧಿಕಾರದ ಆಸೆಗೆ ಡ್ರ್ಯಾಗನ್ ಒಂದನ್ನು ಆವಾಹಿಸುತ್ತದೆ. ಸರಣಿಯಲ್ಲಿ ಮನುಷ್ಯನೊಬ್ಬ ಬೆಳೆಯುವುದನ್ನು ಎಂಟು ಪುಸ್ತಕಗಳ ಉದ್ದಕ್ಕೂ ನೋಡುವ ಅವಕಾಶ ಈ ಎಳೆಯಲ್ಲಿರುವಷ್ಟು ಬೇರೆಲ್ಲೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ಪುರಾಣಕಥೆಗಳ ಒಲವಿರುವವರಿಗೆ 1987ರ ‘ಮಾರ್ಟ್’ ಸರಿಹೊಂದುತ್ತದೆ. ಯಾವ ಕಸುಬಿಗೂ ಒದಗದ ಹುಡುಗನೊಬ್ಬ ಶಿಷ್ಯವೃತ್ತಿಯ ಸಂತೆಯಲ್ಲಿ ಯಾರಾದರೂ ಕರೆದುಕೊಂಡು ಹೋದಾರೆಂದು ಮಧ್ಯರಾತ್ರಿಯವರೆಗೆ ಕಾಯುತ್ತಾನೆ. ಕೊನೆಗೆ ಬಿಳಿ ಕುದುರೆಯೇರಿ ಬಂದ ಮೃತ್ಯು ಅವನನ್ನು ತನ್ನ ಶಿಷ್ಯನನ್ನಾಗಿ ಮಾಡಿಕೊಳ್ಳುತ್ತಾನೆ. ನಚಿಕೇತ ಯಮನ ಬಾಗಿಲಲ್ಲಿ ಮೂರು ರಾತ್ರಿ ಕಾದ ಕಥೆಯನ್ನು ಬಲ್ಲ ನಮಗೆ ಈ ಸನ್ನಿವೇಶ ಒಡನೆಯೇ ಹತ್ತಿರವಾಗುತ್ತದೆ. ಈ ಮೃತ್ಯುವಾದರೋ ಬೆಕ್ಕುಗಳನ್ನು ಪ್ರೀತಿಸುವ, ಖಾರದ ಕರಿಗೆ ಮನಸೋಲುವ, ಮನುಷ್ಯರು ಏಕೆ ಹೀಗಿದ್ದಾರೆಂದು ಪ್ರಾಮಾಣಿಕವಾಗಿ ತಲೆಕೆಡಿಸಿಕೊಳ್ಳುವ ಎಲುಬುಗೂಡು. ಅವನ ಮಾತುಗಳು ಉದ್ಧರಣ ಚಿಹ್ನೆಯಿಲ್ಲದೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತವೆ. ದೊಡ್ಡಕ್ಷರ-ಸಣ್ಣಕ್ಷರಗಳ ಭೇದವೇ ಇಲ್ಲದ ಕನ್ನಡಕ್ಕೆ ಆ ದನಿಯನ್ನು ತರುವುದು ಹೇಗೆಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದಂತೆ ಕಲ್ಲಿನಲ್ಲಿ ಕೊರೆದ ಅಕ್ಷರಗಳನ್ನು ಬಳಸಬೇಕಾದೀತು.

ದೇವರು ಮತ್ತು ನಂಬಿಕೆಯ ಕುರಿತು ಗಂಭೀರವಾಗಿ ಯೋಚಿಸುವವರು, ಒಂದೇ ಪುಸ್ತಕ ಓದಿ ನೋಡೋಣ ಎನ್ನುವವರು 1992ರ ‘ಸ್ಮಾಲ್ ಗಾಡ್ಸ್’ ತೆಗೆದುಕೊಳ್ಳಲಿ. ಇದರ ಕಥೆ ಉಳಿದ ಪುಸ್ತಕಗಳ ಕಾಲಕ್ಕಿಂತ ಬಹಳ ಹಿಂದಿನದಾದ್ದರಿಂದ ಬೇರೆ ಯಾವುದನ್ನೂ ಓದಿರಬೇಕಾಗಿಲ್ಲ. ಮಹಾದೇವರೊಬ್ಬ ಭೂಮಿಗಿಳಿದು ನೋಡಿದರೆ ತಾನು ಒಕ್ಕಣ್ಣಿನ ಆಮೆಯಾಗಿದ್ದಾನೆ. ಅವನ ಹೆಸರಿನಲ್ಲಿ ಸಾಮ್ರಾಜ್ಯವಿದೆ, ಮಠವಿದೆ, ಚಿತ್ರಹಿಂಸೆಯ ಕೋಣೆಗಳಿವೆ, ಆದರೆ ನಿಜವಾಗಿ ನಂಬುವವನು ಬ್ರೂಥಾ ಎಂಬ ಒಬ್ಬ ಎಳೆಯ ಶಿಷ್ಯ ಮಾತ್ರ. ಆ ದೇವರ ಹೆಸರು ‘ಓಮ್’ ಎಂದಿರುವುದನ್ನು ಕಂಡು ಯಾರೂ ಹುಬ್ಬೇರಿಸಬೇಕಾಗಿಲ್ಲ. ಲೇಖಕರ ಬಾಣ ನಾಟಿರುವುದು ಯೂರೋಪಿನ ಧರ್ಮವಿಚಾರಣೆಯ ಚರಿತ್ರೆಗೆ.

ನಾಟಕದ ಗೀಳಿರುವವರಿಗೆ 1988ರ ‘ವಿಯರ್ಡ್ ಸಿಸ್ಟರ್ಸ್’. ಶೇಕ್ಸ್‌ಪಿಯರ್ ‘ಮ್ಯಾಕ್‌ಬೆತ್’ನಲ್ಲಿ ಅರ್ಧ ಮಂಜಿನಲ್ಲಿ ನಿಲ್ಲಿಸಿದ ಮೂವರು ಮಾಟಗಾತಿಯರನ್ನು ಪ್ರ್ಯಾಚೆಟ್ ಅಡುಗೆಮನೆಗೆ ಕರೆತಂದು ಕೂರಿಸುತ್ತಾರೆ. ಇವರ ಮುಂದಾಳು ಗ್ರ್ಯಾನಿ ವೆದರ್‌ವ್ಯಾಕ್ಸ್ ಮಂತ್ರ ಹಾಕುವುದು ಅಪರೂಪ. ಜನರ ಮನಸ್ಸನ್ನು ಓದಿ ಕೆಲಸ ಸಾಧಿಸುತ್ತಾಳೆ. ಮಲೆನಾಡಿನಲ್ಲಿ ಹೆರಿಗೆ ಮಾಡಿಸುವ, ಮದ್ದು ಅರೆಯುವ, ಇಡೀ ಊರು ಹೆದರುತ್ತಲೇ ಗೌರವಿಸುವ ಒಬ್ಬ ಅಜ್ಜಿಯನ್ನು ಬಲ್ಲವರಿಗೆ ಗ್ರ್ಯಾನಿಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ.

ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ 2004ರ ‘ಗೋಯಿಂಗ್ ಪೋಸ್ಟಲ್’ ಹಿಡಿಸುತ್ತದೆ. ಗಲ್ಲಿಗೇರಿದ ವಂಚಕನೊಬ್ಬನಿಗೆ ನಗರದ ಆಡಳಿತಗಾರ ವೆಟಿನಾರಿ ಜೀವದಾನವಿತ್ತು, ಹಂಚದ ಕಾಗದಗಳು ಬೆಟ್ಟದಂತೆ ಬಿದ್ದಿರುವ ಅಂಚೆ ಕಚೇರಿಯ ಮುಖ್ಯಸ್ಥನನ್ನಾಗಿ ಮಾಡುತ್ತಾನೆ. ಇದರಲ್ಲಿ ಅಧ್ಯಾಯಗಳೂ ಇರುವುದರಿಂದ ಓದು ಸಲೀಸು.

ಇಂಗ್ಲಿಷ್ ಕಾದಂಬರಿಗಳ ಅಭ್ಯಾಸ ಕಡಿಮೆಯಿರುವವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿ ಈಗ ಧೈರ್ಯ ಮಾಡುತ್ತಿರುವವರಿಗೆ, 2001ರ ‘ದ ಅಮೇಜಿಂಗ್ ಮೋರಿಸ್ ಅಂಡ್ ಹಿಸ್ ಎಜುಕೇಟೆಡ್ ರೋಡೆಂಟ್ಸ್’ ಒಳ್ಳೆಯ ಬಾಗಿಲು. ಮಾತನಾಡುವ ಬೆಕ್ಕು, ಬುದ್ಧಿ ಬಂದ ಇಲಿಗಳು, ಕೊಳಲು ನುಡಿಸುವ ಹುಡುಗ ಒಟ್ಟಾಗಿ ಊರೂರಿಗೆ ಟೋಪಿ ಹಾಕುವ ಈ ಕಥೆಯನ್ನು ಎಳೆಯರಿಗಾಗಿ ಬರೆದದ್ದು. ಬ್ರಿಟನ್ನಿನ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕ ಇದಕ್ಕೆ ಬಂತು. ವಾಕ್ಯಗಳು ಸರಳ, ಆದರೆ ನೆಲಮಾಳಿಗೆಯ ಕತ್ತಲಿನ ಭಾಗಗಳು ದೊಡ್ಡವರನ್ನೂ ಬೆಚ್ಚಿಸುತ್ತವೆ.

ಮೂರನೆಯ ಹೆಜ್ಜೆ: ಓದುವ ವೇಗವನ್ನು ಅರ್ಧಕ್ಕಿಳಿಸಿ

ಬಹುಪಾಲು ಪುಸ್ತಕಗಳಲ್ಲಿ ಅಧ್ಯಾಯಗಳೇ ಇಲ್ಲ. ಒಂದು ಸಾಲಿನ ತೆರವು, ಮತ್ತೆ ಕಥೆ. ಇದು ಮೊದಲಿಗೆ ಉಸಿರುಗಟ್ಟಿಸಿದರೂ ಬಸ್ ಪ್ರಯಾಣಕ್ಕೆ ಒಗ್ಗುತ್ತದೆ: ನಿಲ್ದಾಣ ಬಂದಾಗ ಹತ್ತಿರದ ತೆರವಿನಲ್ಲಿ ನಿಲ್ಲಿಸಿದರಾಯಿತು. ಅಡಿಟಿಪ್ಪಣಿಗಳನ್ನು ಮಾತ್ರ ಬಿಡಬೇಡಿ. ಪಾಠಪುಸ್ತಕದ ಅಡಿಟಿಪ್ಪಣಿಯಂತೆ ಅವು ಮಾಹಿತಿಯ ಮೂಟೆಯಾಗಿರದೆ, ಪುಟದ ತುದಿಯಲ್ಲಿ ನಿಂತ ಲೇಖಕ ನಮ್ಮ ಕಿವಿಯಲ್ಲಿ ಹೇಳುವ ಚೇಷ್ಟೆಗಳಾಗಿರುತ್ತವೆ. ಇ-ಪುಸ್ತಕದಲ್ಲಿ ಅವು ಕೊನೆಗೆ ಹೋಗಿ ಕುಳಿತಿರುವುದುಂಟು. ಆದ್ದರಿಂದ ಮೊದಲ ಪುಸ್ತಕವನ್ನಾದರೂ ಕಾಗದದಲ್ಲಿ ಓದಿ. ಶ್ಲೇಷೆಗಳಲ್ಲಿ ಮೂರಕ್ಕೊಂದು ತಿಳಿಯದೆ ಹೋದರೆ ಕೊರಗುವುದು ಬೇಡ. ಅದು ಇಂಗ್ಲೆಂಡಿನವರಿಗೂ ಆಗುತ್ತದೆ.

ನಿಧಾನವಾಗಿ ಓದಬೇಕೆನ್ನಲು ಮುಖ್ಯ ಕಾರಣ ಬೇರೆಯೇ ಇದೆ. ಪ್ರ್ಯಾಚೆಟ್ ಅವರು ತಮ್ಮ ತೀಕ್ಷ್ಣವಾದ ಮಾತುಗಳನ್ನು ಕಥೆಯ ಬಿರುಸಿನ ನಡುವೆ ಸದ್ದಿಲ್ಲದೆ ಇಟ್ಟು ಮುಂದೆ ಹೋಗಿಬಿಡುತ್ತಾರೆ. 1993ರ ‘ಮೆನ್ ಅಟ್ ಆರ್ಮ್ಸ್’ನಲ್ಲಿ ತಿಂಗಳಿಗೆ 38 ಡಾಲರ್ ಸಂಬಳದ ವೈಮ್ಸ್ ತನ್ನ ಬೂಟುಗಳ ಬಗ್ಗೆ ಯೋಚಿಸುವ ಒಂದು ಭಾಗವಿದೆ. ಗಟ್ಟಿಯಾದ ಚರ್ಮದ ಬೂಟಿಗೆ 50 ಡಾಲರ್. ಅದು ವರ್ಷಗಟ್ಟಲೆ ಬಾಳುತ್ತದೆ. ಅವನ ಕೈಗೆಟಕುವುದು ಒಂದೆರಡು ಋತುಗಳಲ್ಲಿ ರಟ್ಟು ಸವೆದು ನೀರು ಕುಡಿಯುವ 10 ಡಾಲರಿನದು. ಹಣವಿದ್ದವನು ಒಮ್ಮೆ 50 ಕೊಟ್ಟು ಹತ್ತು ವರ್ಷ ಬೆಚ್ಚಗಿರುತ್ತಾನೆ. ಇಲ್ಲದವನು ಅದೇ ಅವಧಿಯಲ್ಲಿ 100 ಸುರಿದೂ ಒದ್ದೆ ಕಾಲಿನಲ್ಲಿಯೇ ನಡೆಯುತ್ತಾನೆ. ಈ ಭಾಗವನ್ನು ನಾನು ಓದಿದ್ದು ಆಷಾಢದ ಮಳೆಯಲ್ಲಿ. ನನ್ನ ಮುಂದಿನ ಸೀಟಿನಲ್ಲಿ ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬರ ಗಮ್ ಬೂಟು ಹಿಮ್ಮಡಿಯ ಮಡಿಕೆಯಲ್ಲಿ ಸೀಳಿತ್ತು; ಇಂಬಳ ಒಳನುಗ್ಗದಂತೆ ಅವರು ಅಲ್ಲಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿ ಕಟ್ಟಿದ್ದರು. ಪ್ರತಿ ಮಳೆಗಾಲಕ್ಕೂ ಒಂದು ಜೊತೆ ಬೇಕಾಗುತ್ತದೆಂದು ಅವರು ಪಕ್ಕದವರೊಡನೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ವೇಗವಾಗಿ ಓದಿದ್ದರೆ ಆ ಅರ್ಧ ಪುಟ ನನ್ನಿಂದ ತಪ್ಪಿಹೋಗುತ್ತಿತ್ತು.

ನಾಲ್ಕನೆಯ ಹೆಜ್ಜೆ: ಹಿಡಿದ ಎಳೆಯನ್ನು ಬರೆದ ಕ್ರಮದಲ್ಲಿಯೇ ಮುಂದುವರಿಸಿ

ಎಳೆಯನ್ನು ಆರಿಸುವುದರಲ್ಲಿ ಸ್ವಾತಂತ್ರ್ಯವಿದೆ, ಎಳೆಯ ಒಳಗೆ ಇಲ್ಲ. ಕಾವಲುಪಡೆಯ ಎಳೆಯಾದರೆ ‘ಗಾರ್ಡ್ಸ್! ಗಾರ್ಡ್ಸ್!’, ‘ಮೆನ್ ಅಟ್ ಆರ್ಮ್ಸ್’, ‘ಫೀಟ್ ಆಫ್ ಕ್ಲೇ’, ‘ಜಿಂಗೋ’, ‘ದ ಫಿಫ್ತ್ ಎಲಿಫೆಂಟ್’, ‘ನೈಟ್ ವಾಚ್’, ‘ಥಡ್!’, ‘ಸ್ನಫ್’ ಎಂಬ ಕ್ರಮ ತಪ್ಪಬಾರದು. ಮೃತ್ಯುವಿನ ಎಳೆಯಾದರೆ ‘ಮಾರ್ಟ್’ ನಂತರ ‘ರೀಪರ್ ಮ್ಯಾನ್’, ‘ಸೋಲ್ ಮ್ಯೂಸಿಕ್’, ‘ಹಾಗ್‌ಫಾದರ್’, ‘ಥೀಫ್ ಆಫ್ ಟೈಮ್’. ಮಾಟಗಾತಿಯರ ಎಳೆಗೆ ನಿಜವಾಗಿ 1987ರ ‘ಈಕ್ವಲ್ ರೈಟ್ಸ್’ ಮೊದಲನೆಯದು. ಅಲ್ಲಿನ ಗ್ರ್ಯಾನಿ ಇನ್ನೂ ಪೂರ್ತಿ ರೂಪುಗೊಂಡಿಲ್ಲವಾದ್ದರಿಂದ ಅದನ್ನು ಆಮೇಲೆ ಓದಿದರೂ ಸಾಗುತ್ತದೆ, ಆದರೆ ಬಿಟ್ಟುಬಿಡಬಾರದು. ಅಲ್ಲಿನ ಪುಟ್ಟ ಹುಡುಗಿ ಎಸ್ಕ್, 2010ರ ‘ಐ ಶಲ್ ವೇರ್ ಮಿಡ್‌ನೈಟ್’ನಲ್ಲಿ ಹಿಂದಿರುಗಿ ಬರುತ್ತಾಳೆ.

ಎಳೆಗಳು ಒಂದನ್ನೊಂದು ಹಾಯುವ ಇಂಥ ಮೂಲೆಗಳಲ್ಲಿ ಎಚ್ಚರ ಬೇಕು. ಅಂಥವು ಹೆಚ್ಚಿಲ್ಲ. 2002ರ ‘ನೈಟ್ ವಾಚ್’ ಸರಣಿಯ ಶಿಖರವೆಂದು ಬಹಳ ಮಂದಿ ಒಪ್ಪುತ್ತಾರೆ. ಅದನ್ನು ಕೇಳಿ ನೇರವಾಗಿ ಅದಕ್ಕೇ ಕೈಹಾಕಿದವರು ನಿರಾಶರಾಗುತ್ತಾರೆ. ವೈಮ್ಸ್ ತನ್ನ ಯೌವನದ ನಗರಕ್ಕೆ, ಒಂದು ದಂಗೆಯ ಹಿಂದಿನ ದಿನಗಳಿಗೆ ಎಸೆಯಲ್ಪಡುವ ಆ ಕಥೆ, ಅವನು ಮುಂದೆ ಏನಾದನೆಂಬುದನ್ನು ನಾವು ಐದು ಪುಸ್ತಕಗಳಲ್ಲಿ ಕಂಡಿದ್ದರೆ ಮಾತ್ರ ಎದೆಗೆ ತಾಕುತ್ತದೆ. ಜೊತೆಗೆ, ಕಾಲವನ್ನು ಕಾಯುವ ಸನ್ಯಾಸಿಗಳಲ್ಲಿ ಒಬ್ಬನಾದ ಕಸ ಗುಡಿಸುವ ಲು-ಟ್ಜೆ ಎಂಬ ಮುದುಕ ಅದರಲ್ಲಿ ಬರುತ್ತಾನೆ. ಅವನನ್ನು ‘ಸ್ಮಾಲ್ ಗಾಡ್ಸ್’ನಲ್ಲಿಯೂ ‘ಥೀಫ್ ಆಫ್ ಟೈಮ್’ನಲ್ಲಿಯೂ ಮೊದಲೇ ಕಂಡಿದ್ದರೆ ಒಳ್ಳೆಯದು. ಇನ್ನೊಂದು ಮೂಲೆ ನಗರದ ಬೆಳವಣಿಗೆಯದು. ಗೋಪುರದಿಂದ ಗೋಪುರಕ್ಕೆ ಸಂಕೇತ ಕಳುಹಿಸುವ ‘ಕ್ಲ್ಯಾಕ್ಸ್’ ವ್ಯವಸ್ಥೆ 1999ರ ‘ದ ಫಿಫ್ತ್ ಎಲಿಫೆಂಟ್’ನಲ್ಲಿ ತಲೆಯೆತ್ತುತ್ತದೆ, ಪತ್ರಿಕೆ 2000ದ ‘ದ ಟ್ರೂತ್’ನಲ್ಲಿ, ಹೊಸ ಅಂಚೆ 2004ರಲ್ಲಿ, ಕಾಗದದ ನೋಟು 2007ರ ‘ಮೇಕಿಂಗ್ ಮನಿ’ಯಲ್ಲಿ, ರೈಲು 2013ರ ‘ರೈಸಿಂಗ್ ಸ್ಟೀಮ್’ನಲ್ಲಿ. ಹೀಗೆ ಮಧ್ಯಯುಗದಂತಿದ್ದ ನಗರ ಕಣ್ಣೆದುರೇ ಆಧುನಿಕವಾಗುತ್ತದೆ. ಆದ್ದರಿಂದ ‘ರೈಸಿಂಗ್ ಸ್ಟೀಮ್’ ಮತ್ತು ಟಿಫನಿಯ ಕೊನೆಯ ಕಥೆಯಾದ ‘ದ ಶೆಫರ್ಡ್ಸ್ ಕ್ರೌನ್’ ಎರಡನ್ನೂ ಕಟ್ಟಕಡೆಗೆ ಇರಿಸಿಕೊಳ್ಳಿ.

ಟಿಫನಿಯ ಎಳೆಯ ಬಗ್ಗೆ ಒಂದು ಮಾತು. 2003ರ ‘ದ ವೀ ಫ್ರೀ ಮೆನ್’ನಿಂದ ತೊಡಗುವ ಈ ಪುಸ್ತಕಗಳು ಕುರಿ ಸಾಕುವ ಮನೆತನದ ಹುಡುಗಿಯ ಕಥೆಗಳು. ಅವಳೊಡನಿರುವ ಅಂಗೈಯಷ್ಟೆತ್ತರದ ನೀಲಿ ಮೈಯ ಪುಂಡರು ಸ್ಕಾಟ್ಲೆಂಡಿನ ಆಡುನುಡಿಯಲ್ಲಿ ಮಾತನಾಡುತ್ತಾರೆ. ಕಣ್ಣಿಗೆ ಅದು ಅರ್ಥವಾಗುವುದಿಲ್ಲ. ಬಾಯಿಬಿಟ್ಟು ಗಟ್ಟಿಯಾಗಿ ಓದಿಕೊಂಡರೆ, ಅಥವಾ ಆಡಿಯೊ ಪುಸ್ತಕದಲ್ಲಿ ಕೇಳಿದರೆ, ನಾಲ್ಕು ಪುಟಗಳಲ್ಲಿ ಬಿಗಿ ಸಡಿಲುತ್ತದೆ.

ಐದನೆಯ ಹೆಜ್ಜೆ: ಕೊನೆಯ ಪುಸ್ತಕಗಳನ್ನು ತಿಳಿದು ಓದಿ

2007ರ ಡಿಸೆಂಬರ್‌ನಲ್ಲಿ ಪ್ರ್ಯಾಚೆಟ್ ತಮಗೆ ಅಲ್ಜೀಮರ್ಸ್‌ನ ಅಪರೂಪದ ಬಗೆಯೊಂದು ತಗುಲಿರುವುದನ್ನು ಬಹಿರಂಗಪಡಿಸಿದರು. ಬೆರಳಚ್ಚು ಮಾಡುವುದು ಅಸಾಧ್ಯವಾದ ಮೇಲೆ ಅವರು ಬಾಯಿಂದ ಹೇಳಿ ಬರೆಸಿದರು. ಕೊನೆಯ ಮೂರು ನಾಲ್ಕು ಪುಸ್ತಕಗಳಲ್ಲಿ ಮಾತು ಉದ್ದವಾಗಿರುವುದೂ ವಾಕ್ಯದ ಹಳೆಯ ಮೊನಚು ಕೆಲವೆಡೆ ಕಾಣದಿರುವುದೂ ನಿಜ. ಅವನ್ನು ಮೊದಲಿಗೆ ಓದಿ ಲೇಖಕರನ್ನು ಅಳೆಯಬಾರದು. 2015ರ ಮಾರ್ಚ್ 12ರಂದು ಅವರು ತೀರಿಕೊಂಡರು. ‘ದ ಶೆಫರ್ಡ್ಸ್ ಕ್ರೌನ್’ ಆ ನಂತರ ಪ್ರಕಟವಾಯಿತು. ಅವರ ಅಪೂರ್ಣ ಬರಹಗಳಿದ್ದ ಹಾರ್ಡ್ ಡಿಸ್ಕನ್ನು, ಅವರ ಇಚ್ಛೆಯಂತೆಯೇ, 2017ರಲ್ಲಿ ಹಳೆಯ ಉಗಿ ರೋಲರ್ ಹತ್ತಿಸಿ ಪುಡಿ ಮಾಡಲಾಯಿತು. ಹಾಗಾಗಿ ಪಟ್ಟಿ 41ಕ್ಕೆ ನಿಂತಿದೆ.

ಆರನೆಯ ಹೆಜ್ಜೆ: ಈಗ ಮೊದಲ ಪುಸ್ತಕಕ್ಕೆ ಹಿಂದಿರುಗಿ

ಪುಸ್ತಕಗಳನ್ನು ಒಟ್ಟಿಗೆ ಕೊಳ್ಳಬೇಡಿ, ಎರಡೆರಡಾಗಿ ಕೊಳ್ಳಿ. ಮಳೆಗಾಲದಲ್ಲಿ ಅವನ್ನು ಗೋಡೆಗೆ ತಾಗಿಸಿ ಇಡದೆ, ವಾರಕ್ಕೊಮ್ಮೆ ಒಲೆಯ ಮನೆಯ ಬಿಸಿಗೆ ಹರಡಿದರೆ ಬೂಷ್ಟು ಹತ್ತುವುದಿಲ್ಲ.

ಹತ್ತು ಹನ್ನೆರಡು ಪುಸ್ತಕಗಳಾದ ಮೇಲೆ ನಾನು ಅಟ್ಟದಿಂದಿಳಿದ ಆ ಮೊದಲ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡೆ. ಅದರಲ್ಲಿ ಟೂಫ್ಲವರ್ ಎಂಬ ಸಜ್ಜನನಿದ್ದಾನೆ. ಅವನು ಡಿಸ್ಕ್ ಲೋಕದ ಮೊತ್ತಮೊದಲ ಪ್ರವಾಸಿ. ಅವನ ಪೆಟ್ಟಿಗೆ ನೂರಾರು ಪುಟ್ಟ ಕಾಲುಗಳಿಂದ ಅವನ ಹಿಂದೆ ತಾನೇ ನಡೆದು ಬರುತ್ತದೆ. ಅವನ ಕ್ಯಾಮೆರಾದ ಒಳಗೆ ಕುಳಿತ ಕಿರುಭೂತವೊಂದು ಕಂಡದ್ದನ್ನು ಕುಂಚದಿಂದ ಬರೆದುಕೊಡುತ್ತದೆ. ಹೊತ್ತಿ ಉರಿಯುವ ನಗರವೂ ಅವನಿಗೆ ಒಂದು ಒಳ್ಳೆಯ ನೋಟ. ಜೀವ ಉಳಿಸಿಕೊಳ್ಳಲು ಒದ್ದಾಡುವ ರಿನ್ಸ್‌ವಿಂಡ್ ಅವನಿಗೆ ಒಲ್ಲದ ಮನಸ್ಸಿನ ಗೈಡ್. ನಗರವನ್ನೂ ಅದರ ಜನರನ್ನೂ ಬಲ್ಲವನಾಗಿ ಓದಿದಾಗ, ಹಿಂದೆ ಒಗಟಾಗಿದ್ದ ಪುಟಗಳು ಊರಿನವನೊಬ್ಬ ಹೊಸಬನ ಪೇಚಾಟವನ್ನು ನೋಡಿ ನಗುವ ಪುಟಗಳಾಗಿದ್ದವು. ಬೇಲೂರಿನ ನಿಲ್ದಾಣದಲ್ಲಿ ಬಸ್ಸು ಕಾಲು ಗಂಟೆ ನಿಂತಿತ್ತು. ಚಕ್ರದ ಪೆಟ್ಟಿಗೆಯನ್ನು ಹೊಂಡಗಳ ಮೇಲೆ ದಡದಡನೆ ಎಳೆದುಕೊಂಡು ಬಂದ ಪ್ರವಾಸಿಯೊಬ್ಬರು ಕಿಟಕಿಯ ಕೆಳಗೆ ನಿಂತು, ಕಂಡಕ್ಟರನ್ನು ದರ್ಪಣ ಸುಂದರಿ ಎಷ್ಟು ಗಂಟೆಗೆ ಸಿಗುತ್ತಾರೆಂದು ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು.